ಸಹಿ ಹಾಕುವ ಮುನ್ನ

ಸತ್ಯಾಣುವ್ರತವೆಂದರೆ ಬಾಯಲ್ಲಿ ಸುಳ್ಳಾಡದಿರುವುದು ಎಂದಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನೂ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಅದನ್ನು ಬಿಟ್ಟಿಲ್ಲ. ಕೂಟಲೇಖವೆಂದರೆ ಸುಳ್ಳು ಬರಹ. ವ್ಯಾಪಾರ ವ್ಯವಹಾರದಲ್ಲಿರುವ ಶ್ರಾವಕನಿಗೆ ಲೇಖನಿಯಿಂದಲೂ ವ್ರತಭಂಗದ ಭಯವಿದೆ ಎಂಬುದನ್ನು ಆಚಾರ್ಯರು ಅಂದೇ ಕಂಡಿದ್ದರು. ಈ ಮಾತಿನ ತೂಕ ನನಗೆ ತಿಳಿದದ್ದು ಇತ್ತೀಚೆಗೆ, ಒಂದು ವೀಸಾ ಸಂದರ್ಶನದ ಸಿದ್ಧತೆಯ ಸಂದರ್ಭದಲ್ಲಿ.

ಅಮೆರಿಕದ ವೀಸಾ ಲಾಟರಿಯ ಮಾತು ರಾಯಚೂರಿನ ಮನೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಆ ದೇಶದ 1990ರ ವಲಸೆ ಕಾಯ್ದೆಯಿಂದ ಹುಟ್ಟಿ, 1995ರ ಆರ್ಥಿಕ ವರ್ಷದಿಂದ ನಡೆದುಬಂದ ಯೋಜನೆ ಅದು. ಹಿಂದಿನ ಐದು ವರ್ಷಗಳಲ್ಲಿ 50,000ಕ್ಕೂ ಹೆಚ್ಚು ವಲಸಿಗರನ್ನು ಕಳುಹಿಸಿದ ದೇಶಗಳನ್ನು ಅದರಿಂದ ಹೊರಗಿಡಲಾಗಿದೆ. ಭಾರತ ಅಂಥ ದೇಶಗಳಲ್ಲೊಂದು. ಆದುದರಿಂದ ‘ನಿಮ್ಮ ಹೆಸರು ಲಾಟರಿಯಲ್ಲಿ ಎದ್ದಿದೆ, ಶುಲ್ಕ ಕಟ್ಟಿರಿ’ ಎಂದು ಬರುವವರ ಮಾತಿಗೆ ನಮ್ಮ ಬಂಧುಗಳು ಮರುಳಾಗಬಾರದು. ನಮ್ಮ ಕುಟುಂಬಗಳ ಹಿರಿಯರು ಅಲ್ಲಿಗೆ ಹೋಗಿ ನೆಲೆಸುವುದು ಸಾಮಾನ್ಯವಾಗಿ ಮಕ್ಕಳ ಅರ್ಜಿಯ ಮೂಲಕ. ಆ ದೇಶದ ಪೌರತ್ವ ಪಡೆದ, 21 ವರ್ಷ ತುಂಬಿದ ಮಗ ಅಥವಾ ಮಗಳು ತಂದೆತಾಯಿಗಳಿಗಾಗಿ ಅರ್ಜಿ ಹಾಕಬಹುದು. ಹಾದಿ ಯಾವುದಾದರೂ ಕೊನೆಗೆ ಸಂದರ್ಶನದ ಮೇಜಿನ ಮೇಲೆ ಇಡಬೇಕಾದವು ಅವೇ ಕಾಗದಗಳು: ಜನನದ ದಾಖಲೆ, ವಿವಾಹದ ದಾಖಲೆ, ಪೊಲೀಸರ ಪ್ರಮಾಣಪತ್ರ, ವೈದ್ಯರ ವರದಿ.

ನಮ್ಮ ಬಂಧುವರ್ಗದ ಹಿರಿಯರೊಬ್ಬರು ದೇವದುರ್ಗದ ಹಳೆಯ ಮನೆಯಲ್ಲಿ ಹುಟ್ಟಿದವರು. ಆಗ ಅದು ಹೈದರಾಬಾದ್ ರಾಜ್ಯ. 1969ರ ಜನನ ಮರಣ ನೋಂದಣಿ ಕಾಯ್ದೆ ಬರುವ ಮುನ್ನ ಮನೆಯಲ್ಲಾದ ಹೆರಿಗೆಗಳು ಎಷ್ಟೋ ಸಲ ಸರಕಾರಿ ಪುಸ್ತಕಕ್ಕೆ ಏರುತ್ತಲೇ ಇರಲಿಲ್ಲ. ಶಾಲೆಗೆ ಸೇರಿಸಿದ ದಿನ ಗುರುಗಳು 1-6-1950 ಎಂದು ಬರೆದುಕೊಂಡರು. ಜೂನ್ ಒಂದನೆಯ ತಾರೀಖಿಗೆ ಹುಟ್ಟಿದವರು ನಮ್ಮ ಸೀಮೆಯ ಶಾಲೆಗಳ ದಾಖಲೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟಿಗೂ ಅದೇ ತಾರೀಖು ಬಂದಿತು. ಈಗ ಮಗಳ ಅರ್ಜಿ ಮಂಜೂರಾಗಿ, ಜನನ ನೋಂದಣಿ ಇಲ್ಲವೆಂಬ ಪತ್ರದ ಜೊತೆಗೆ, ಜನನವನ್ನು ಬಲ್ಲವರ ಅಫಿಡವಿಟ್ ಬೇಕಾಯಿತು.

ಅವರ ಕಿರಿಯ ಮಗ ಒಂದು ಸಂಜೆ ನಮ್ಮ ಮನೆಗೆ ಬಂದ. ಛಾಪಾ ಕಾಗದದ ಮೇಲೆ ಬರಹ ಸಿದ್ಧವಾಗಿತ್ತು. ಜನನಕಾಲದಲ್ಲಿ ನಾನು ಆ ಮನೆಯಲ್ಲಿಯೇ ಇದ್ದೆನೆಂದೂ ತಾರೀಖು ನನಗೆ ಸ್ವತಃ ಗೊತ್ತೆಂದೂ ಅದರಲ್ಲಿತ್ತು. ನಾನು ಅವನ ತಂದೆಗಿಂತ ಮೂರು ವರ್ಷ ಚಿಕ್ಕವನು! “ಕಾಕಾ, ಏಜೆಂಟರು ಹೀಗೇ ಬರೆಯಬೇಕು ಅಂದಾರ. ನೀವು ಬಸದಿಯ ಟ್ರಸ್ಟಿನವರು, ನಿಮ್ಮ ಸಹಿಗೆ ಬೆಲೆ ಐತಿ. ಇದರಿಂದ ಯಾರಿಗೆ ಕೇಡು? ವಿಪತ್ತು ತರುವ ಸತ್ಯ ಆಡಬಾರದು ಅಂತ ಶಾಸ್ತ್ರದಾಗೂ ಐತೆಲ್ಲ” ಎಂದ.

ಅವನ ಮಾತಿನಲ್ಲಿ ಕಪಟವಿರಲಿಲ್ಲ. ತಾಯಿಗೆ ಮಂಡಿನೋವು, ಮಗಳು ದೂರದಲ್ಲಿ ಒಬ್ಬಳೇ, ಮೊಮ್ಮಗುವನ್ನು ಅವರು ಫೋನಿನಲ್ಲಿ ಮಾತ್ರ ಕಂಡಿದ್ದಾರೆ. ಇದೆಲ್ಲವೂ ನನಗೆ ತಿಳಿದಿತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಹಿಂದೆ ಟ್ರಸ್ಟಿನ ಪತ್ರಗಳಿಗೆ, ಕೇಳಿದವರು ನಮ್ಮವರೇ ಎಂಬ ದಾಕ್ಷಿಣ್ಯದಿಂದ, ನಾನು ಓದದೆ ಸಹಿ ಹಾಕಿದ್ದುಂಟು. ಆ ದಿನ ಮಾತ್ರ ಒಂದು ರಾತ್ರಿಯ ಅವಕಾಶ ಕೇಳಿದೆ.

ಸಮಂತಭದ್ರರು ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯಬಾರದೆಂದದ್ದು ನಿಜ. ಆದರೆ ಆ ಮಾತು ಅಹಿಂಸೆಯ ರಕ್ಷಣೆಗಾಗಿ ಬಂದದ್ದು. ನಮ್ಮ ನುಡಿಯಿಂದ ಮತ್ತೊಂದು ಜೀವಕ್ಕೆ ಅಪಾಯವಾಗುವಂತಿದ್ದರೆ ಮೌನವಾಗಿರು ಎಂಬುದು ಅದರ ಆಶಯ. ನಮಗೆ ಬೇಕಾದುದು ತಡವಾಗುವುದನ್ನು ವಿಪತ್ತೆಂದು ಕರೆದರೆ ಲೋಕದ ಯಾವ ಸುಳ್ಳಿಗೂ ಆಶ್ರಯ ಸಿಕ್ಕೀತು. ಮೇಲಾಗಿ, ಮೌನವಾಗಿರುವುದು ಬೇರೆ, ಪ್ರಮಾಣಮಾಡಿ ಬರೆದುಕೊಡುವುದು ಬೇರೆ.

ಮರುದಿನ ಹುಡುಗ ಇನ್ನೊಂದು ವಾದ ತಂದ. ಶಾಲೆಯ ದೃಷ್ಟಿಯಿಂದ ಒಂದು ತಾರೀಖು, ಮನೆಯವರ ದೃಷ್ಟಿಯಿಂದ ಇನ್ನೊಂದು. ಸ್ಯಾದ್ವಾದದಂತೆ ಎರಡೂ ಸರಿಯಲ್ಲವೇ? ಈ ಪ್ರಶ್ನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ‘ಸ್ಯಾತ್’ ಎಂದರೆ ‘ಒಂದು ಅಪೇಕ್ಷೆಯಿಂದ’. ಯಾವ ಅಪೇಕ್ಷೆಯಿಂದ ಹೇಳುತ್ತೇನೆಂಬುದನ್ನು ಮುಚ್ಚಿಡದಿರುವುದೇ ಸ್ಯಾದ್ವಾದದ ಜೀವಾಳ. ‘ಶಾಲಾ ದಾಖಲೆಯ ಪ್ರಕಾರ ಇಂಥ ತಾರೀಖು’ ಎಂಬುದು ಸತ್ಯ. ‘ನಾನು ಕಣ್ಣಾರೆ ಕಂಡಂತೆ ಇಂಥ ತಾರೀಖು’ ಎಂದು ಅದನ್ನೇ ಬರೆದರೆ ಅಸತ್ಯ. ತಾರೀಖು ಎರಡು ಕಡೆಯೂ ಒಂದೇ. ಕೆಟ್ಟದ್ದು ಅದನ್ನು ಬಲ್ಲ ಬಗೆಯ ವಿವರಣೆ. ತಿಳಿದುದನ್ನು ತಿಳಿದಷ್ಟೇ, ತಿಳಿಯದುದನ್ನು ತಿಳಿಯದೆಂದೇ ಬರೆದಾಗ ಅಪೂರ್ಣ ಜ್ಞಾನವೂ ಪೂರ್ಣ ಸತ್ಯವಾಗುತ್ತದೆ.

ಇಬ್ಬರೂ ಮಾನ್ವಿಗೆ ಹೋದೆವು. ಅಲ್ಲಿ ಆ ಹಿರಿಯರ ಅಕ್ಕ ಇದ್ದಾರೆ. ಎಂಬತ್ತು ದಾಟಿದ್ದರೂ ನೆನಪು ಮಾಸಿಲ್ಲ. “ಪೊಲೀಸ್ ಆಕ್ಷನ್ ಆದ ಮರುವರ್ಷ, ಶ್ರಾವಣದಾಗ. ನಾನು ಹೊರಗ ಕಟ್ಟಿಮ್ಯಾಲೆ ಕುಂತಿದ್ದೆ, ಒಳಗ ಕೂಸು ಅತ್ತಿತು. ತಾರೀಖು ನಂಗೊತ್ತಿಲ್ಲಪ್ಪ” ಎಂದರು. ಪೊಲೀಸ್ ಕಾರ್ಯಾಚರಣೆ 1948ರ ಸೆಪ್ಟೆಂಬರಿನಲ್ಲಾದದ್ದು. ಎಂದರೆ ಜನನ 1949ರಲ್ಲಿ. ಅಫಿಡವಿಟ್ಟಿನಲ್ಲಿ ಅವರು ಹೇಳಿದಷ್ಟನ್ನೇ ಬರೆಸಿದೆವು. ಶಾಲೆಯಲ್ಲಿ 1-6-1950 ಎಂದು ದಾಖಲಾದುದನ್ನೂ ಮುಂದಿನ ದಾಖಲೆಗಳೆಲ್ಲ ಅದನ್ನೇ ಅನುಸರಿಸಿದುದನ್ನೂ ಹಿರಿಯರು ತಮ್ಮ ಹೇಳಿಕೆಯಲ್ಲಿ ಸೇರಿಸಿದರು. ಅಕ್ಕನವರು ಓದಿಸಿ ಕೇಳಿ, ನಡುಗುವ ಕೈಯಿಂದ ಸಹಿ ಮಾಡಿದರು.

ಏಜೆಂಟರಿಗೆ ಇದು ರುಚಿಸಲಿಲ್ಲ. ಸಂದರ್ಶನ ಇನ್ನೂ ಆಗಬೇಕಾಗಿದೆ. ತಿಳಿದೂ ತಿಳಿದೂ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದವರಿಗೆ ಆ ದೇಶದ ಕಾನೂನು ಜೀವನಪರ್ಯಂತ ಬಾಗಿಲು ಮುಚ್ಚಬಹುದು. ಆದರೆ ಶಿಕ್ಷೆಯ ಭಯದಿಂದ ಆಡಿದ ಸತ್ಯ ವ್ರತವಾಗಲಾರದು. ನಮ್ಮ ಕಾಗದ ತಿರಸ್ಕೃತವಾದರೂ ಅದು ಸತ್ಯವೇ ಆಗಿರುತ್ತದೆ. ವಿಳಂಬದ ದುಃಖವನ್ನು ಆ ಕುಟುಂಬದ ಜೊತೆ ನಾವೂ ಹೊರಬೇಕಾಗುತ್ತದೆ.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ವಿವಾಹ, ಜನನ, ನಿವಾಸಗಳ ಬಗ್ಗೆ ಪತ್ರ ಕೇಳಿ ಬರುವವರನ್ನು ಬರಿಗೈಯಲ್ಲಿ ಕಳುಹಿಸಬೇಡಿರಿ. ಆದರೆ ಪುಸ್ತಕ ನೋಡಿ, ‘ನಮ್ಮ ದಾಖಲೆಯ ಪ್ರಕಾರ’ ಎಂದು ಬರೆಯಿರಿ. ದಾಖಲೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಹಳೆಯ ವಿವಾಹಗಳನ್ನು ಉಪನೋಂದಣಾಧಿಕಾರಿಗಳಲ್ಲಿ ಈಗಲಾದರೂ ನೋಂದಾಯಿಸಲು ದಂಪತಿಗಳಿಗೆ ನೆರವಾಗಿರಿ. ಮನೆಯ ಹಿರಿಯರು ಇರುವಾಗಲೇ ಅವರ ನೆನಪುಗಳನ್ನು ಬರೆದಿಡಿರಿ. ಬಸದಿಯ ಮುದ್ರೆ ಬಿದ್ದ ಕಾಗದವನ್ನು ಓದುವ ಅಪರಿಚಿತನು ನಮ್ಮನ್ನು ಕಾಣಲಾರ. ಅವನ ಪಾಲಿಗೆ ಆ ಒಂದು ಹಾಳೆಯೇ ನಮ್ಮ ಧರ್ಮ.