ಅಗ್ಗದ ಗಣಕಯಂತ್ರವೂ ಅದತ್ತಾದಾನದ ಪ್ರಶ್ನೆಯೂ

ಅನ್ಯರ ವಸ್ತುವನ್ನು ಅವರ ಅನುಮತಿಯಿಲ್ಲದೆ ತೆಗೆದುಕೊಳ್ಳಬಾರದೆಂಬುದನ್ನು ಒಪ್ಪದವರು ವಿರಳ. ಹೊಲದ ತೆನೆ, ಅಂಗಡಿಯ ಬಟ್ಟೆ, ಪೆಟ್ಟಿಗೆಯ ಹಣ ಯಾರವೆಂಬುದು ಕಣ್ಣಿಗೆ ಕಾಣುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಎಷ್ಟು ಜನ ತೆಗೆದುಕೊಂಡರೂ ಮೂಲದಲ್ಲಿ ಕಡಿಮೆಯಾಗದ, ಕೈಗೆ ಸಿಗದ ವಸ್ತುವಿನ ವಿಷಯದಲ್ಲಿ ಈ ವಿವೇಕವು ಹೇಗೆ ನಡೆಯಬೇಕು? ಮಕ್ಕಳ ವಿದ್ಯಾಭ್ಯಾಸಕ್ಕೆಂದೇ ತಯಾರಾದ ಒಂದು ಅಗ್ಗದ ಗಣಕಯಂತ್ರದ ಇತಿಹಾಸದಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ಎದುರಾಗಿದೆ. ಶಾಲೆಗಳಿಗೆ ಗಣಕಯಂತ್ರಗಳನ್ನು ದಾನ ಮಾಡುವ ಕುಟುಂಬಗಳೂ ಟ್ರಸ್ಟುಗಳೂ ಅದನ್ನು ವಿಚಾರ ಮಾಡುವುದು ಉಚಿತ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಹೋದ್ಯೋಗಿಗಳು ಗಣಕ ವಿಜ್ಞಾನವನ್ನು ಓದಬಯಸುವ ವಿದ್ಯಾರ್ಥಿಗಳಲ್ಲಿ ಪ್ರೋಗ್ರಾಮ್ ಬರೆಯುವ ಅಭ್ಯಾಸ ಕುಗ್ಗುತ್ತಿರುವುದನ್ನು ಕಂಡು, ಪ್ರತಿಯೊಂದು ಮಗುವಿಗೂ ಎಟುಕುವ ಯಂತ್ರವೊಂದನ್ನು ರೂಪಿಸಲು ಸಂಕಲ್ಪಿಸಿದರು. ಇದಕ್ಕಾಗಿ ಸ್ಥಾಪಿತವಾದ ಧರ್ಮಾರ್ಥ ಸಂಸ್ಥೆಯ ಮೂಲಕ 2012ರ ಫೆಬ್ರವರಿ 29ರಂದು ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಗಣಕಯಂತ್ರ ಮಾರಾಟಕ್ಕೆ ಬಂದಿತು. ಅದರ ಬೆಲೆ 35 ಡಾಲರ್. ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶಕ್ಕೆ ಪ್ರತ್ಯೇಕ ಹಣ ಕೊಡಬೇಕಾಗಿರಲಿಲ್ಲ.

ಈ ಯಂತ್ರದ ಚಿಪ್‌ನಲ್ಲಿ ಚಲಿಸುವ ಚಿತ್ರಗಳನ್ನು ತೋರಿಸುವ ಸಾಮರ್ಥ್ಯ ಅಡಗಿತ್ತು. ‘ಎಚ್.264’ ಎಂಬ ಪದ್ಧತಿಯ ಚಿತ್ರಗಳಿಗೆ ಬೇಕಾದ ಪರವಾನಗಿ ಬೆಲೆಯಲ್ಲಿಯೇ ಸೇರಿತ್ತು. ಆದರೆ ಡಿವಿಡಿಗಳಲ್ಲಿ ಬಳಕೆಯಾಗುವ ‘ಎಂಪೆಗ್-2’ ಎಂಬ ಹಳೆಯ ಪದ್ಧತಿಯ ಪರವಾನಗಿಯನ್ನು ಬೆಲೆ ಏರಬಾರದೆಂಬ ಕಾರಣದಿಂದ ಸೇರಿಸಿರಲಿಲ್ಲ. ಚಿಪ್‌ಗೆ ಶಕ್ತಿಯಿತ್ತು, ಬಳಸಲು ಅನುಮತಿಯಿರಲಿಲ್ಲ. 2012ರ ಆಗಸ್ಟ್‌ನಲ್ಲಿ ಸಂಸ್ಥೆಯು ಆ ಅನುಮತಿಯನ್ನು ಪ್ರತ್ಯೇಕವಾಗಿ ಮಾರತೊಡಗಿತು. ಎಂಪೆಗ್-2ಕ್ಕೆ 2.40 ಪೌಂಡ್, ‘ವಿಸಿ-1’ ಎಂಬ ಮತ್ತೊಂದು ಪದ್ಧತಿಗೆ 1.20 ಪೌಂಡ್. ಕೊಳ್ಳುವವನು ತನ್ನ ಯಂತ್ರದ ಕ್ರಮಸಂಖ್ಯೆಯನ್ನು ತಿಳಿಸಬೇಕು. ಅದಕ್ಕೆ ಉತ್ತರವಾಗಿ ಬರುವ ಕೀಲಿಸಂಖ್ಯೆಯನ್ನು ಯಂತ್ರದ ಒಂದು ಕಡತದಲ್ಲಿ ಬರೆದರೆ ಬೀಗ ತೆರೆಯುವುದು. ಆ ಕೀಲಿ ಅದೊಂದೇ ಯಂತ್ರಕ್ಕೆ ಸಲ್ಲುವುದೇ ಹೊರತು ಪಕ್ಕದ ಯಂತ್ರಕ್ಕಲ್ಲ.

ಈಗ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಇಂತಹ ಇಪ್ಪತ್ತು ಯಂತ್ರಗಳಿವೆ, ಪಾಠಗಳುಳ್ಳ ಡಿವಿಡಿಗಳೂ ಇವೆ. ಇಪ್ಪತ್ತು ಕೀಲಿಗಳಿಗೆ 48 ಪೌಂಡ್ ಬೇಕು. ತಂತ್ರಜ್ಞಾನ ಬಲ್ಲ ತರುಣನೊಬ್ಬ ಬಂದು, “ಹಣವೇಕೆ? ಕೀಲಿಯಿಲ್ಲದೆಯೇ ನಾನು ಬೀಗ ತೆರೆದುಕೊಡುತ್ತೇನೆ. ಯಂತ್ರ ನಮ್ಮದು, ಚಿಪ್ ನಮ್ಮದು. ನಮ್ಮ ಪೆಟ್ಟಿಗೆಯ ಬೀಗವನ್ನು ನಾವು ತೆರೆದರೆ ಅದು ಕಳ್ಳತನ ಹೇಗಾದೀತು?” ಎನ್ನುತ್ತಾನೆ. ಅವನ ಉದ್ದೇಶ ಒಳ್ಳೆಯದು, ಫಲ ಮಕ್ಕಳಿಗೆ. ಅಧ್ಯಾಪಕರು ಏನು ಮಾಡಬೇಕು?

ತರುಣನ ಮಾತಿನಲ್ಲಿ ಹುರುಳಿದೆ. ನಾವು ಹಣ ಕೊಟ್ಟು ಮನೆಗೆ ತಂದ ವಸ್ತುವಿನ ಒಂದು ಭಾಗವು ಇನ್ನೂ ಮಾರಿದವನ ಅಂಕೆಯಲ್ಲಿರುವುದು ಸಾಮಾನ್ಯ ನ್ಯಾಯಬುದ್ಧಿಗೆ ಒಗ್ಗುವುದಿಲ್ಲ. ಆದರೆ ಮಾರಾಟವಾದದ್ದು ಯಾವುದೆಂಬುದನ್ನು ನಾವು ನಿಷ್ಠುರವಾಗಿ ನೋಡಬೇಕು. ಆ ಪದ್ಧತಿಯನ್ನು ಕಂಡುಹಿಡಿದವರ ಪಾಲನ್ನು ಬಿಟ್ಟದ್ದರಿಂದಲೇ ಬೆಲೆ 35 ಡಾಲರ್‌ಗೆ ನಿಂತಿತು. ಪಾಲನ್ನು ಬಿಟ್ಟ ಬೆಲೆಯ ಲಾಭವನ್ನೂ ಪಡೆದು, ಬಿಟ್ಟ ಪಾಲನ್ನೂ ಸದ್ದಿಲ್ಲದೆ ತೆಗೆದುಕೊಳ್ಳುವವನು ಒಂದೇ ಹಣಕ್ಕೆ ಎರಡನ್ನು ಪಡೆದಂತಾಯಿತು. ಅದತ್ತಾದಾನವೆಂದರೆ ಕೊಡದುದನ್ನು ಕೊಳ್ಳುವುದು. ಚಿಪ್ ಅನ್ನು ಕೊಟ್ಟಿದ್ದಾರೆ; ಅನುಮತಿಯನ್ನು ಕೊಟ್ಟಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿಗೆ ಪ್ರೇರೇಪಿಸುವುದು, ಕದ್ದು ತಂದುದನ್ನು ಸ್ವೀಕರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಇವೂ ಸೇರಿರುವುದನ್ನು ವಾಚಕರು ಬಲ್ಲರು. ಬೀಗ ತೆರೆಯುವವನು ತರುಣನೇ ಆದರೂ, ತೆರೆಯಿಸಿಕೊಂಡ ಅಧ್ಯಾಪಕರು ಹೊಣೆಯಿಂದ ಪಾರಾಗಲಾರರು.

ಹೀಗೆಂದಮಾತ್ರಕ್ಕೆ ಹಕ್ಕುದಾರರ ನಡೆಯೆಲ್ಲವೂ ನಿರ್ದೋಷವೆಂದಾಗದು. ಎಂಪೆಗ್-2ರ ಪೇಟೆಂಟುಗಳು ಅನೇಕ ಕಂಪೆನಿಗಳಿಗೆ ಸೇರಿದ್ದು, ಅವುಗಳ ಪರವಾಗಿ ಅಮೆರಿಕದ ‘ಎಂಪೆಗ್ ಎಲ್‌ಎ’ ಎಂಬ ಸಂಸ್ಥೆ ಶುಲ್ಕ ಸಂಗ್ರಹಿಸುತ್ತಿತ್ತು. 2010ರಿಂದ ಈ ಶುಲ್ಕ ಪ್ರತಿ ಯಂತ್ರಕ್ಕೆ 2 ಡಾಲರ್ ಆಗಿತ್ತು. ಸಾವಿರ ಡಾಲರ್ ಬೆಲೆಯ ದೂರದರ್ಶನ ಯಂತ್ರಕ್ಕೆ ಈ ಎರಡು ಡಾಲರ್ ಐನೂರರಲ್ಲಿ ಒಂದು ಪಾಲು. 35 ಡಾಲರ್ ಯಂತ್ರಕ್ಕಾದರೋ ಹೆಚ್ಚುಕಡಿಮೆ ಹದಿನೇಳರಲ್ಲಿ ಒಂದು ಪಾಲು. ಸಿರಿವಂತನ ಭೋಗಕ್ಕೂ ಬಡ ವಿದ್ಯಾರ್ಥಿಯ ಪಾಠಕ್ಕೂ ಒಂದೇ ಸುಂಕ ವಿಧಿಸುವುದು ಲೆಕ್ಕಕ್ಕೆ ಸಮವಾಗಿ ಕಂಡರೂ ಕರುಣೆಗೆ ಸಮವಲ್ಲ. ಶಾಲೆಗಳಿಗೆ ವಿನಾಯಿತಿ ಬೇಕೆಂದು ವಾದಿಸುವುದಕ್ಕೆ ಇದು ತಕ್ಕ ಕಾರಣ. ಆದರೆ ಆ ವಾದವನ್ನು ಬಹಿರಂಗವಾಗಿ, ನಮ್ಮ ಹೆಸರಿನಲ್ಲಿ ಹೂಡಬೇಕು. ಮುಚ್ಚಿದ ಕೋಣೆಯಲ್ಲಿ ಬೀಗ ತೆರೆದುಕೊಂಡವನು ಯಾವ ಅನ್ಯಾಯವನ್ನೂ ತಿದ್ದಿದಂತಾಗಲಿಲ್ಲ. ತನ್ನ ಪಾಲಿನ ಖರ್ಚನ್ನು ಮಾತ್ರ ಉಳಿಸಿಕೊಂಡನು.

ಪ್ರತ್ಯೇಕವಾಗಿ ಮಾರುವ ಕ್ರಮದಲ್ಲಿಯೂ ಒಂದು ನ್ಯಾಯವಿದೆ. ಡಿವಿಡಿಯನ್ನು ಎಂದೂ ನೋಡದೆ ಪ್ರೋಗ್ರಾಮ್ ಬರೆಯಲು ಮಾತ್ರ ಯಂತ್ರವನ್ನು ಕೊಂಡ ಮಗುವಿನಿಂದ ಆ ಶುಲ್ಕವನ್ನು ವಸೂಲು ಮಾಡಲಿಲ್ಲ. ಎಲ್ಲರ ಬೆಲೆಯಲ್ಲಿ ಅಡಗಿಸಿ ವಸೂಲು ಮಾಡುವುದು ಮಾರುವವನಿಗೆ ಸುಲಭ. ಬೇಕಾದವನಿಂದ ಮಾತ್ರ, ಕಾರಣ ಹೇಳಿ ಕೇಳುವುದು ಪ್ರಾಮಾಣಿಕ. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಯಂತ್ರದಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲವೆಂಬುದನ್ನು ಕೊಳ್ಳುವ ಮೊದಲೇ ತಿಳಿಸಬೇಕು. ಕಡಿಮೆ ಬೆಲೆಯನ್ನು ದೊಡ್ಡಕ್ಷರದಲ್ಲಿ ಸಾರಿ, ಉಳಿದುದನ್ನು ಆಮೇಲೆ ಒಂದೊಂದಾಗಿ ಕೇಳುವ ವ್ಯಾಪಾರವು ತಪ್ಪು ತಕ್ಕಡಿಗೆ ಸಮೀಪದ್ದು.

ಬೆಲೆ ಚಿಕ್ಕದೆಂಬುದೊಂದರಿಂದಲೇ ಅದು ಉಪಕಾರವೆಂದು ತಿಳಿಯುವುದೂ ಸರಿಯಲ್ಲ. 2007ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ವಿದ್ಯಾರ್ಥಿಗಳಿಗಾಗಿ ಗಣಕಯಂತ್ರ ಕೊಳ್ಳುವ ಸರ್ಕಾರಗಳಿಗೆ ವಿಂಡೋಸ್ ಮತ್ತು ಆಫೀಸ್ ತಂತ್ರಾಂಶಗಳ ಒಂದು ಕಟ್ಟನ್ನು 3 ಡಾಲರ್‌ಗೆ ಕೊಡುವುದಾಗಿ ಸಾರಿತು. ಮೂರು ಡಾಲರ್ ಅಲ್ಪವೇ. ಆದರೆ ಬಾಲ್ಯದಲ್ಲಿ ಒಂದೇ ತಂತ್ರಾಂಶಕ್ಕೆ ಒಗ್ಗಿದ ಕೈ ದೊಡ್ಡದಾದ ಮೇಲೆ ಪೂರ್ಣ ಬೆಲೆ ಕೊಟ್ಟು ಅದನ್ನೇ ಅರಸುವ ಸಂಭವವಿರುವುದರಿಂದ, ದಾನವೆಷ್ಟು ಬಿತ್ತನೆಯೆಷ್ಟು ಎಂದು ಸ್ವೀಕರಿಸುವವರು ವಿಚಾರಿಸಬೇಕಾಗುತ್ತದೆ.

ಕಾಲವೂ ಈ ವಿಷಯದಲ್ಲಿ ತನ್ನ ತೀರ್ಪನ್ನಿತ್ತಿದೆ. ಪೇಟೆಂಟ್ ಶಾಶ್ವತವಾದ ಒಡೆತನವಲ್ಲ. ಎಂಪೆಗ್-2ಕ್ಕೆ ಸಂಬಂಧಿಸಿದ ಅಮೆರಿಕದ ಪೇಟೆಂಟುಗಳಲ್ಲಿ ಕೊನೆಯದರ ಅವಧಿ 2018ರ ಫೆಬ್ರವರಿಯಲ್ಲಿ ಮುಗಿಯಿತು. 2019ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ರಾಸ್ಪ್‌ಬೆರಿ ಪೈಯಲ್ಲಿ ಎಂಪೆಗ್-2ಕ್ಕಾಗಿ ಆ ಪ್ರತ್ಯೇಕ ವ್ಯವಸ್ಥೆಯೇ ಇಲ್ಲ. ಅದರ ಪ್ರೊಸೆಸರ್ ಸಾಮಾನ್ಯ ತಂತ್ರಾಂಶದಿಂದಲೇ ಆ ಕೆಲಸವನ್ನು ಮಾಡಬಲ್ಲದು. ಹೀಗೆ ಬೀಗ ಕಾಯುತ್ತಿದ್ದ ಹಕ್ಕೂ ಬೀಗದ ಅಗತ್ಯವೂ ಏಳು ವರ್ಷಗಳೊಳಗೆ ಸರಿದುಹೋದವು. ಆದರೆ ಆ ವರ್ಷಗಳಲ್ಲಿ ಶಾಲೆಯ ಮಕ್ಕಳು ಕಣ್ಣಾರೆ ಕಂಡದ್ದು ಅವರಲ್ಲಿ ಉಳಿದಿರುತ್ತದೆ. ಗುರುಗಳೇ ನಿಂತು ಬೀಗ ತೆರೆಯಿಸಿದ್ದನ್ನು ಕಂಡ ಮಗು ಡಿವಿಡಿಯ ಪಾಠವನ್ನು ಮರೆತರೂ, ‘ಚಿಕ್ಕದಾದರೆ, ಒಳ್ಳೆಯದಕ್ಕಾದರೆ ಕೇಳದೆ ತೆಗೆದುಕೊಳ್ಳಬಹುದು’ ಎಂಬ ಪಾಠವನ್ನು ಮರೆಯದು. ಉಳಿದ 48 ಪೌಂಡಿಗೆ ಇದು ದುಬಾರಿಯಾದ ಬೆಲೆ.

ಹಾಗಾದರೆ ಹಣವಿಲ್ಲದ ಶಾಲೆಗೆ ದಾರಿಯೇ ಇರಲಿಲ್ಲವೆ? ಇತ್ತು. ಶಾಲೆ ತಾನೇ ಚಿತ್ರೀಕರಿಸಿದ ಪಾಠಗಳನ್ನು, ಅಥವಾ ಒಡೆಯರ ಒಪ್ಪಿಗೆ ದೊರೆತ ಪಾಠಗಳನ್ನು, ಪರವಾನಗಿಯುಳ್ಳ ಒಂದು ಗಣಕಯಂತ್ರದಲ್ಲಿ ಎಚ್.264 ಪದ್ಧತಿಗೆ ಪರಿವರ್ತಿಸಿಕೊಂಡಿದ್ದರೆ ಇಪ್ಪತ್ತು ಯಂತ್ರಗಳೂ ಕೀಲಿಯಿಲ್ಲದೆಯೇ ಅವನ್ನು ತೋರಿಸುತ್ತಿದ್ದವು. ಅಷ್ಟಕ್ಕೆ ಆ ತರುಣನ ಒಂದೆರಡು ದಿನಗಳ ಶ್ರಮ ಸಾಕಾಗುತ್ತಿತ್ತು. ನ್ಯಾಯದ ದಾರಿ ಅನೇಕ ವೇಳೆ ಕೇಳುವುದು ಹಣವನ್ನಲ್ಲ, ಸ್ವಲ್ಪ ತಾಳ್ಮೆಯನ್ನು.

ದಾನಿಗಳಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಶಾಲೆಗೆ ಯಂತ್ರವನ್ನು ಕೊಡುವ ಮೊದಲು, ಯಾವ ಪಾಠಕ್ಕೆ ಅದು ಬಳಕೆಯಾಗುವುದು, ಅದಕ್ಕೆ ಯಾವ ತಂತ್ರಾಂಶ ಬೇಕು, ಅದರ ಪರವಾನಗಿಗೆ ಎಷ್ಟು ಹಣ ತಗಲುವುದು ಎಂಬುದನ್ನು ವಿಚಾರಿಸಿ ಆ ಮೊತ್ತವನ್ನೂ ದಾನದಲ್ಲಿ ಸೇರಿಸಬೇಕು. ಇಲ್ಲವೇ ಬೆಲೆಯಿಲ್ಲದ ಮುಕ್ತ ತಂತ್ರಾಂಶದಿಂದ ಕೆಲಸ ಸಾಗುವಂತೆ ಮೊದಲೇ ವ್ಯವಸ್ಥೆ ಮಾಡಬೇಕು. ಫಲಕದ ಮೇಲೆ ಯಂತ್ರಗಳ ಸಂಖ್ಯೆಯನ್ನು ಕೆತ್ತಿಸಿ, ಕೀಲಿಯ ಹೊರೆಯನ್ನು ಬಡ ಅಧ್ಯಾಪಕರ ಮೇಲೆ ಹೊರಿಸಿದರೆ, ಅವರು ಅಡ್ಡದಾರಿ ಹಿಡಿದಾಗ ಆ ದೋಷದಲ್ಲಿ ದಾನಿಗಳಿಗೂ ಪಾಲುಂಟು. ಇಪ್ಪತ್ತರ ಬದಲು ಹದಿನೆಂಟು ಯಂತ್ರಗಳನ್ನು ಕೊಟ್ಟು, ಉಳಿದ ಹಣದಿಂದ ಅವುಗಳ ಕೀಲಿಗಳನ್ನೂ ಒದಗಿಸುವ ದಾನವೇ ದೊಡ್ಡದೆಂದು ನಮ್ಮ ಭಾವನೆ.