ಆಕಾಶದ ಕಣ್ಣೂ ಕಾವಲುಗಾರನ ಕೊಂಬೂ

ಮಳೆಗಾಲದಲ್ಲಿ ಗುಡ್ಡದ ಬುಡದ ಹಳ್ಳಿಗಳವರಿಗೆ ಮನೆ ಬಿಡಿರೆಂದು ಸರಕಾರದ ಅಪ್ಪಣೆ ಬಂದಾಗ ವಿಶ್ವಾಸಿಗಳಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುವದುಂಟು: ದೇವರು ಕಾಯುವನೆಂದು ನಂಬಿದವನು ಯಂತ್ರದ ಮಾತಿಗೆ ಹೆದರಿ ಹೊರಡುವದು ಅವಿಶ್ವಾಸವಲ್ಲವೋ? ಹಾಗಾದರೆ ಎಚ್ಚರಿಕೆ ಹೊಂದಿ ನಾವೆ ಕಟ್ಟಿದ ನೋಹನನ್ನು ಏನೆನ್ನೋಣ? ನನಗೆ ಇದಕ್ಕಿಂತ ಕಠಿಣವಾಗಿ ತೋರುವ ಪ್ರಶ್ನೆ ಬೇರೊಂದುಂಟು.

ಭೂಮಿಯನ್ನು ಸುತ್ತುವ ಉಪಗ್ರಹಗಳಲ್ಲಿ ಕೆಲವು ರೇಡಾರ್ ಎಂಬ ಸಾಧನವನ್ನು ಹೊತ್ತಿರುತ್ತವೆ. ಅದು ರೇಡಿಯೋ ತರಂಗಗಳನ್ನು ನೆಲಕ್ಕೆ ಕಳುಹಿಸಿ, ಹಿಂದಿರುಗಿ ಬಂದದ್ದನ್ನು ಅಳೆಯುತ್ತದೆ. ಕತ್ತಲೆಯೂ ಮೋಡವೂ ಅದಕ್ಕೆ ಅಡ್ಡಿಯಲ್ಲ. ಒಂದೇ ಗುಡ್ಡವನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಾರಿ ನೋಡಿ ಹೋಲಿಸಿದರೆ, ನೆಲವು ಬೆರಳಗಲಕ್ಕಿಂತ ಕಡಿಮೆ ಜರಗಿದ್ದರೂ ಗೊತ್ತಾಗುತ್ತದೆ. ಭಾರತದವರೂ ಅಮೇರಿಕದವರೂ ಕೂಡಿ ಮಾಡಿ, 2025ನೆಯ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ನಿಸಾರ್ ಎಂಬದು ಈ ಜಾತಿಯದೇ.

ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಶಿನ್‌ಮೊ ಎಂಬ ಹಳ್ಳಿಯಿತ್ತು. 2017ನೆಯ ಜೂನ್ 24ರ ನಸುಕಿನಲ್ಲಿ ಮೇಲಿನ ಬೆಟ್ಟವು ಕುಸಿದು ಅದನ್ನು ಮುಚ್ಚಿತು. ಸತ್ತವರೂ ಕಾಣೆಯಾದವರೂ 80ಕ್ಕಿಂತ ಹೆಚ್ಚು. ಆಮೇಲೆ ಶಾಸ್ತ್ರಜ್ಞರು ಯುರೋಪಿನ ಸೆಂಟಿನೆಲ್-1 ಉಪಗ್ರಹದ ಹಳೆಯ ಚಿತ್ರಗಳನ್ನು ತೆರೆದು ನೋಡಲಾಗಿ, ಬೆಟ್ಟವು ಮುಂಚಿನಿಂದಲೇ ಜರಗುತ್ತಿದ್ದದ್ದೂ, ಕುಸಿಯುವ ಮೊದಲು ಅದರ ವೇಗ ಹೆಚ್ಚಿದ್ದೂ ಅವುಗಳಲ್ಲಿ ಕಂಡುಬಂತು. ಸಾಕ್ಷಿ ಇತ್ತು, ಓದಿದವರಿರಲಿಲ್ಲ. ಯಾರನ್ನು ದೂಷಿಸೋಣ? ಬೆಟ್ಟಗಳು ಲೆಕ್ಕವಿಲ್ಲದಷ್ಟು, ಚಿತ್ರಗಳು ರಾಶಿರಾಶಿ, ಓದಬಲ್ಲ ಕಣ್ಣುಗಳು ಕೆಲವೇ.

ಈ ಕೊರತೆಯನ್ನು ನೀಗಿಸಲಿಕ್ಕಾಗಿ ಈಗ ಕಂಪ್ಯೂಟರುಗಳಿಗೆ ಪಾಠ ಕಲಿಸುತ್ತಾರೆ. ಹಿಂದೆ ಜರಗಿದ ಗುಡ್ಡಗಳ ಚಿತ್ರಗಳನ್ನು ಗುರುತು ಹಾಕಿ ತೋರಿಸಲಾಗಿ, ಯಂತ್ರವು ಅವುಗಳ ಲಕ್ಷಣವನ್ನು ಹಿಡಿದು ಹೊಸ ಚಿತ್ರಗಳಲ್ಲಿ ಅಂಥ ಸ್ಥಳಗಳನ್ನು ಆರಿಸಿಕೊಡುತ್ತದೆ. ಆದರೆ ಆ ಗುಡ್ಡದ ಕೆಳಗೆ ತೊಟ್ಟಿಲು ಉಂಟೆಂಬದು ಅದಕ್ಕೆ ತಿಳಿಯದು. ತಪ್ಪುವದೂ ಉಂಟು. ದಟ್ಟ ಕಾಡು ರೇಡಾರಿನ ನೋಟವನ್ನು ಕೆಡಿಸುತ್ತದೆ. ವಿಪರೀತ ಮಳೆಗೆ ಒಮ್ಮೆಲೇ ಹರಿದು ಬರುವ ಕೆಸರುಬಂಡೆಗಳು ಮುಂಚಿತವಾಗಿ ಯಾವ ಜರಗುವಿಕೆಯನ್ನೂ ತೋರಿಸದೆ ಇಳಿಯಬಹುದು. 2018ರಲ್ಲಿ ಕೊಡಗಿನವರೂ 2024ರಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳವರೂ ಮಳೆಯ ಬಲವನ್ನು ಕಂಡಿದ್ದಾರೆ. ಅಲ್ಲಿ ಸತ್ತವರನ್ನು ಹೆಚ್ಚಿನ ಪಾಪಿಗಳೆಂದು ಎಣಿಸುವವನು ಸಿಲೊವಾಮಿನ ಬುರುಜಿನ ಕೆಳಗೆ ಸತ್ತ 18 ಮಂದಿಯ ವಿಷಯವಾಗಿ ಕರ್ತನು ಹೇಳಿದ್ದನ್ನು ಮರೆತವನೇ ಸರಿ.

ನಾನು ಹೇಳಿದ ಕಠಿಣವಾದ ಪ್ರಶ್ನೆ ಇದು: ಯಂತ್ರವು ಕಾವಲಿದ್ದ ಊರು ನಾಶವಾದರೆ ಲೆಕ್ಕ ಕೊಡತಕ್ಕವರು ಯಾರು? ಯೆಹೆಜ್ಕೇಲನ ಪುಸ್ತಕದ 33ನೆಯ ಅಧ್ಯಾಯದ ಕಾವಲುಗಾರನನ್ನು ನೀವು ಬಲ್ಲಿರಿ. ಅಪಾಯವನ್ನು ಕಂಡೂ ಕೊಂಬೂದದೆ ಇದ್ದವನು ಅಪರಾಧಿಯೇ. ಯಂತ್ರಕ್ಕೋ ಆತ್ಮವಿಲ್ಲ, ಅದರ ಕೈಯಿಂದ ಯಾರೂ ಲೆಕ್ಕ ಕೇಳಲಾರರು. ಹೀಗಿರಲಾಗಿ ಚಿತ್ರವನ್ನು ಓದಿಸಿ ಸಾರುವ ಭಾರವು ಅಧಿಕಾರಿಗಳ ಮೇಲೆಯೂ, ಕೇಳಿದ್ದನ್ನು ನೆರೆಯವನಿಗೆ ಮುಟ್ಟಿಸುವ ಭಾರವು ನಮ್ಮ ಮೇಲೆಯೂ ಉಳಿಯುತ್ತದೆ. ಯಂತ್ರವು ಹೇಳಲಿಲ್ಲವೆಂಬದು ನೆವವಾಗಲಾರದು.

1834ರಲ್ಲಿ ಮಂಗಳೂರಿಗೆ ಸುವಾರ್ತೆ ತಂದ ಬಾಸೆಲ್ ಮಿಶನಿನ ನೆಲೆಯಾದ ಸ್ವಿಟ್ಜರ್ಲೆಂಡಿನಲ್ಲಿ ಬ್ಲಾಟೆನ್ ಎಂಬ ಬೆಟ್ಟದ ಹಳ್ಳಿಯುಂಟು. 2025ನೆಯ ಮೇ 19ರಂದು, ಮೇಲಿನ ಬೆಟ್ಟವು ನಿಲ್ಲದೆಂಬ ಎಚ್ಚರಿಕೆಗೆ ಕಿವಿಗೊಟ್ಟು, ಸುಮಾರು 300 ಮಂದಿ ದನಕರುಗಳ ಸಮೇತ ಹೊರಟರು. ಮೇ 28ರಂದು ಹಿಮನದಿಯೂ ಬಂಡೆಗಳೂ ಕೂಡಿ ಬಿದ್ದು ಹೆಚ್ಚಿನ ಮನೆಗಳನ್ನು ಹೂಳಿದವು. ಪ್ರಾಣ ಕಳಕೊಂಡವನು ಒಬ್ಬನೇ. ಅವರಿಗೆ ಹೋಗಲಿಕ್ಕೆ ಸ್ಥಳವಿತ್ತೆಂಬದನ್ನು ಮರೆಯಬಾರದು. ನಮ್ಮಲ್ಲಿ ಬಡವನು ಅನುಮಾನಿಸುವದು ಹಠದಿಂದಲ್ಲ: ಹಸುವನ್ನು ಯಾರು ನೋಡುವರು, ದಿನದ ಕೂಲಿ ಯಾರು ಕೊಡುವರು? ಮೂರು ಸಾರಿ ಹೊರಟು, ಗುಡ್ಡ ಬೀಳದೆ ಮರಳಿ, ಊರವರ ನಗೆಗೆ ಗುರಿಯಾದವನು ನಾಲ್ಕನೆಯ ಸಾರಿ ಏಳಲಾರನು. ಆದಕಾರಣ ಗುಡ್ಡದಿಂದ ದೂರವಿರುವ ಸಭೆಗಳ ಹಿರಿಯರು ಮುಂಗಾರಿಗೆ ಮೊದಲೇ ಕೂತು, ದೇವಾಲಯದ ಬೀಗದ ಕೈ ರಾತ್ರಿಯಲ್ಲಿ ಯಾರ ಹತ್ತಿರ ಇರುವದು, ಬಂದವರಿಗೆ ಗಂಜಿಯೂ ಅವರ ಹಸುವಿಗೆ ಹುಲ್ಲೂ ಎಲ್ಲಿಂದ ಬರುವದು ಎಂಬದನ್ನು ಗೊತ್ತುಮಾಡಿಕೊಳ್ಳಲಿ.