ತಪ್ಪಿಗೊಂದು ಕಾಲಂ

ಬೇಸ್‌ಬಾಲ್ ಸ್ಕೋರ್‌ಬೋರ್ಡಿನ ಬಲತುದಿಯಲ್ಲಿ ಮೂರು ಅಕ್ಷರಗಳಿರುತ್ತವೆ: ಆರ್, ಎಚ್, ಇ. ಮೊದಲನೆಯದು ಗಳಿಸಿದ ರನ್, ಎರಡನೆಯದು ಹೊಡೆದ ಹಿಟ್, ಮೂರನೆಯದು ಮಾಡಿದ ತಪ್ಪು. ಸಾವಿರಾರು ಜನರ ಎದುರಿಗೆ ಒಂದು ತಂಡ ಇವತ್ತು ಎಷ್ಟು ಎಡವಿತು ಎಂದು ದೀಪ ಹಾಕಿ ತೋರಿಸುತ್ತಾರೆ. ಕ್ರಿಕೆಟ್ ನೋಡಿಕೊಂಡೇ ಬೆಳೆದ ನನಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡಿತ್ತು. ಚಿನ್ನಸ್ವಾಮಿ ಮೈದಾನದಲ್ಲಿ ಸ್ಲಿಪ್‌ನಲ್ಲಿ ನಿಂತವನು ಸುಲಭದ ಕ್ಯಾಚ್ ಬಿಟ್ಟರೆ ಇಡೀ ಸ್ಟ್ಯಾಂಡ್ ಬಯ್ಯುತ್ತದೆ, ಮರುದಿನ ಪತ್ರಿಕೆಯೂ ಬರೆಯುತ್ತದೆ. ಸ್ಕೋರ್‌ಕಾರ್ಡಿನಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ. ಜೀವದಾನ ಸಿಕ್ಕಿದವನು ನೂರು ಹೊಡೆದರೆ ನೂರೂ ಅವನದೇ. ಬೇಸ್‌ಬಾಲಿನಲ್ಲಿ ಹಾಗಲ್ಲ. ಫೀಲ್ಡರ್ ಕೈಬಿಟ್ಟದ್ದರಿಂದ ಬ್ಯಾಟರ್ ಬೇಸ್ ಮುಟ್ಟಿದರೆ ಅದು ಅವನ ಹಿಟ್ ಅಲ್ಲ. ಕೈಬಿಟ್ಟವನ ಹೆಸರಿನಲ್ಲಿ ಒಂದು ತಪ್ಪು, ಶಾಶ್ವತವಾಗಿ.

ತಮಾಷೆಯೆಂದರೆ, ಈ ಲೆಕ್ಕಕ್ಕೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರನಾಗಿದ್ದವನು. ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಬರೆಯುತ್ತಿದ್ದ. 1850ರ ದಶಕದಲ್ಲಿ ಬೇಸ್‌ಬಾಲಿನ ಹುಚ್ಚು ಹಿಡಿದ ಮೇಲೆ ಕ್ರಿಕೆಟ್ ಸ್ಕೋರ್‌ಕಾರ್ಡನ್ನೇ ತಿದ್ದಿ ತೀಡಿ ಹೊಸ ಆಟಕ್ಕೆ ಹೊಂದಿಸಿದ. ಯಾರ ಪಾಲಿನ ಕೀರ್ತಿ ಎಷ್ಟು, ಯಾರ ಪಾಲಿನ ಹೊಣೆ ಎಷ್ಟು ಎಂದು ಬೇರ್ಪಡಿಸುವ ಹಟ ಅವನದು.

ಆದರೆ ತಪ್ಪು ಯಾವುದು ಎಂದು ಹೇಳುವವರು ಯಾರು? ಅಧಿಕೃತ ಸ್ಕೋರರ್ ಎಂಬ ಒಬ್ಬ ಮನುಷ್ಯ, ಪತ್ರಕರ್ತರ ಗ್ಯಾಲರಿಯಲ್ಲಿ ಕೂತು. ಅವನ ಕೈಲಿರುವ ಅಳತೆಗೋಲು ಒಂದೇ: ಸಾಧಾರಣ ಪ್ರಯತ್ನದಿಂದ ಆ ಚೆಂಡನ್ನು ಹಿಡಿಯಬಹುದಾಗಿತ್ತೇ? ಹಿಡಿಯಬಹುದಾಗಿತ್ತು ಅನ್ನಿಸಿದರೆ ತಪ್ಪು. ನೋಡಲು ನ್ಯಾಯವಾಗಿಯೇ ಇದೆ. ಸ್ವಲ್ಪ ಒಳಹೊಕ್ಕರೆ ತೊಡಕು ಕಾಣುತ್ತದೆ. ಕಾಲು ಚುರುಕಾದವನು ಓಡಿ ಹೋಗಿ ಕೈ ಚಾಚುತ್ತಾನೆ, ಚೆಂಡು ಗ್ಲೌಸಿಗೆ ಬಡಿದು ಜಾರುತ್ತದೆ. ಅವನಿಗೆ ತಪ್ಪು ಬೀಳುವ ಸಂಭವ ಹೆಚ್ಚು. ನಿಂತಲ್ಲೇ ನಿಂತವನ ಪಕ್ಕದಲ್ಲಿ ಅದೇ ಚೆಂಡು ಹಾದುಹೋದರೆ ಬ್ಯಾಟರ್‌ಗೆ ಹಿಟ್, ನಿಂತವನ ಲೆಕ್ಕ ಪರಿಶುದ್ಧ. ಮೈಗಳ್ಳನ ಖಾತೆಯಲ್ಲಿ ಕಲೆಯಿಲ್ಲ! ನಮ್ಮ ಆಫೀಸುಗಳಲ್ಲೂ ಫೈಲು ಮುಟ್ಟದವರ ಸರ್ವೀಸ್ ರಿಜಿಸ್ಟರ್ ಹೀಗೇ ಹೊಳೆಯುತ್ತಿರುತ್ತದೆ. ಬಿಲ್ ಜೇಮ್ಸ್ ಎಂಬಾತ ಕ್ಯಾನ್ಸಸ್‌ನ ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯುತ್ತ, 1977ರಿಂದ ತಾನೇ ಪುಸ್ತಕ ಅಚ್ಚು ಹಾಕಿಸಿ ಈ ಬಗೆಯ ಲೆಕ್ಕಗಳನ್ನೆಲ್ಲ ಬುಡಮೇಲು ಮಾಡಿದ. ಎಷ್ಟು ಬಿಟ್ಟ ಎನ್ನುವುದಕ್ಕಿಂತ ಎಷ್ಟು ಚೆಂಡು ತಲುಪಿದ ಎಂದು ಎಣಿಸಿ ಎಂದ. ಇವತ್ತು ಕ್ಯಾಮೆರಾಗಳು ಫೀಲ್ಡರ್ ಇಟ್ಟ ಒಂದೊಂದು ಹೆಜ್ಜೆಯನ್ನೂ ಅಳೆಯುತ್ತವೆ. ಮೂರನೇ ಕಾಲಂ ಮಾತ್ರ ಇದ್ದಲ್ಲೇ ಇದೆ.

ನಾನಿರುವುದು ಡೆಟ್ರಾಯ್ಟ್‌ನಲ್ಲಿ. ಕಾರು ಕಂಪನಿಯ ನೌಕರಿ ಕರೆತಂದ ಊರು. ಇಲ್ಲಿಯ ಟೈಗರ್ಸ್ ತಂಡಕ್ಕೆ ಮನಸ್ಸು ಕೊಟ್ಟು ಬಹಳ ಕಾಲವಾಯಿತು. ಕನ್ನಡ ಕೂಟದ ಗೆಳೆಯರು "ಮೂರು ಗಂಟೆ ಕೂತು ಏನ್ ನೋಡ್ತೀಯೋ ಮಾರಾಯ, ಯಾರೂ ಏನೂ ಮಾಡಲ್ಲ" ಎಂದು ರೇಗಿಸುತ್ತಾರೆ. ಹಳೆಯ ಲೆಕ್ಕದ ಪುಸ್ತಕಗಳ ಮಟ್ಟಿಗೆ ಈ ಊರಿನಷ್ಟು ರುಚಿಯಾದ ಊರು ಕಡಿಮೆ ಎಂದು ಅವರಿಗೆ ಹೇಗೆ ಹೇಳಲಿ?

1910ನ್ನೇ ತೆಗೆದುಕೊಳ್ಳಿ. ಆ ವರ್ಷ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಗಳಿಸಿದವನಿಗೆ ಡೆಟ್ರಾಯ್ಟ್‌ನ ಚಾಮರ್ಸ್ ಕಂಪನಿ ಒಂದು ಮೋಟಾರು ಕಾರಿನ ಬಹುಮಾನ ಸಾರಿತ್ತು. ಪೈಪೋಟಿ ಟೈಗರ್ಸ್‌ನ ಟೈ ಕಾಬ್ ಮತ್ತು ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೋವೇ ನಡುವೆ. ಮುಂದಿದ್ದ ಕಾಬ್ ತನ್ನ ಸರಾಸರಿ ಕಾಪಾಡಿಕೊಳ್ಳಲು ಕೊನೆಯ ಎರಡು ಪಂದ್ಯ ಆಡದೆ ಕುಳಿತ. ಲಾಜೋವೇ ಕೊನೆಯ ದಿನ, ಅಕ್ಟೋಬರ್ 9ರಂದು, ಸೇಂಟ್ ಲೂಯಿಸ್‌ನಲ್ಲಿ ಎರಡು ಪಂದ್ಯ ಆಡಬೇಕಿತ್ತು. ಕಾಬ್‌ನನ್ನು ಕಂಡರಾಗದ ಎದುರಾಳಿ ಮ್ಯಾನೇಜರ್ ತನ್ನ ಹೊಸ ಹುಡುಗ ಕಾರಿಡನ್‌ನನ್ನು ಮೂರನೇ ಬೇಸಿನಿಂದ ಬಹಳ ಹಿಂದಕ್ಕೆ ನಿಲ್ಲಿಸಿದ. ಲಾಜೋವೇ ಚೆಂಡನ್ನು ಮೆಲ್ಲಗೆ ಆ ಕಡೆಗೇ ತಟ್ಟುತ್ತ, ಓಡುತ್ತ, ಒಟ್ಟು ಎಂಟು ಹಿಟ್ ಗಿಟ್ಟಿಸಿದ. ಇನ್ನೊಂದನ್ನು ಸ್ಕೋರರ್ ಹಿಟ್ ಎಂದು ಒಪ್ಪಲಿಲ್ಲ. ಬದಲಾಯಿಸಿ ಬರೆದರೆ ಒಂದು ಜೊತೆ ಹೊಸ ಸೂಟು ಕೊಡಿಸುವುದಾಗಿ ಆಮಿಷ ಬಂತು, ಆತ ಜಗ್ಗಲಿಲ್ಲ. ಮ್ಯಾನೇಜರ್ ಕೆಲಸ ಕಳೆದುಕೊಂಡ, ಲೀಗ್ ಅಧ್ಯಕ್ಷರು ಕೂದಲೆಳೆಯಷ್ಟು ಅಂತರದಿಂದ ಕಾಬ್ ಗೆದ್ದನೆಂದು ಘೋಷಿಸಿದರು, ಚಾಮರ್ಸ್ ಕಂಪನಿ ಗೋಜೇ ಬೇಡವೆಂದು ಇಬ್ಬರಿಗೂ ಒಂದೊಂದು ಕಾರು ಕೊಟ್ಟಿತು.

ಎಪ್ಪತ್ತು ವರ್ಷದ ಮೇಲೆ ಅಂಕಿಸಂಖ್ಯೆಯ ಹುಳು ಪೀಟ್ ಪಾಮರ್ ಹಳೆಯ ಲೆಜರುಗಳನ್ನು ಕೆದಕುವಾಗ ಕಾಬ್‌ನ ಒಂದು ಪಂದ್ಯ ಎರಡು ಸಲ ದಾಖಲಾಗಿರುವುದು ಸಿಕ್ಕಿತು. ಮೂರು ಸಲ ಬ್ಯಾಟ್ ಹಿಡಿದು ಎರಡು ಹಿಟ್. ಅದನ್ನು ತೆಗೆದರೆ ಲಾಜೋವೇ ಮುಂದಾಗುತ್ತಾನೆ. 1981ರಲ್ಲಿ ಕಮಿಷನರ್ ಬೋವಿ ಕೂನ್ ಮುಂದೆ ವಿಷಯ ಹೋದಾಗ, ಪ್ರಶಸ್ತಿ ಬದಲಾಯಿಸಲು ಒಪ್ಪಲಿಲ್ಲ. ಸೂಟಿನ ಆಸೆಗೆ ಬಗ್ಗದ ಸ್ಕೋರರ್‌ನ ಪ್ರಾಮಾಣಿಕತೆಗೆ ಗುಮಾಸ್ತನ ಕೈತಪ್ಪು ಮಸಿ ಬಳಿಯಿತು. ಒರೆಸುವ ಅಧಿಕಾರವಿದ್ದವರು ಒರೆಸಲಿಲ್ಲ. ಬರವಣಿಗೆಯ ತಪ್ಪು ತಪ್ಪೇ. ಕಾಬ್ ನಮ್ಮೂರವನಾದರೂ ಆ ವರ್ಷದ ಪಟ್ಟ ಲಾಜೋವೇಗೆ ಸಲ್ಲಬೇಕು ಎನ್ನಲು ನನಗೆ ಸಂಕೋಚವಿಲ್ಲ.

ಹಾಗಿದ್ದರೆ ತಪ್ಪನ್ನೆಲ್ಲ ತಿದ್ದಿಬಿಡೋಣವೇ? ಇಲ್ಲಿ ನನ್ನ ಮನಸ್ಸು ಬೇರೆ ಕಡೆ ವಾಲುತ್ತದೆ. 2010ರ ಜೂನ್ 2, ಕೊಮೆರಿಕಾ ಪಾರ್ಕ್. ಟೈಗರ್ಸ್‌ನ ಪಿಚರ್ ಅರ್ಮಾಂಡೊ ಗಲರಾಗಾ ಸತತವಾಗಿ ಇಪ್ಪತ್ತಾರು ಜನರನ್ನು ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಒಬ್ಬನೂ ಬೇಸ್ ಮುಟ್ಟದ 'ಪರ್ಫೆಕ್ಟ್ ಗೇಮ್'. ನೂರಮೂವತ್ತು ವರ್ಷದಲ್ಲಿ ಅಲ್ಲಿಯವರೆಗೆ ನಡೆದದ್ದು ಇಪ್ಪತ್ತೇ. ಇಪ್ಪತ್ತೇಳನೆಯವನು ಹೊಡೆದ ಚೆಂಡನ್ನು ಟೈಗರ್ಸ್‌ನ ಫೀಲ್ಡರ್ ಕಬ್ರೇರಾ ಹಿಡಿದು ಎಸೆದ, ಗಲರಾಗಾ ತಾನೇ ಓಡಿಬಂದು ಬೇಸ್ ಮೇಲೆ ಕಾಲಿಟ್ಟು ಹಿಡಿದ, ಓಟಗಾರ ಇನ್ನೂ ಒಂದು ಹೆಜ್ಜೆ ಹಿಂದಿದ್ದ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ಸೇಫ್ ಎಂದುಬಿಟ್ಟ. ಕ್ರೀಡಾಂಗಣವೆಲ್ಲ ಕಿರುಚಿಕೊಂಡಿತು. ಗಲರಾಗಾ ಒಂದು ನಗು ನಕ್ಕು, ಹಿಂದಿರುಗಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ಅಂಥ ನಗು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ.

ಒಳಗೆ ಹೋಗಿ ವಿಡಿಯೊ ನೋಡಿದ ಜಾಯ್ಸ್ ಕುಸಿದುಹೋದ. ತಪ್ಪು ತನ್ನದೇ ಎಂದು ಪತ್ರಕರ್ತರ ಮುಂದೆ ಯಾವ ನೆಪವನ್ನೂ ಹೇಳದೆ ಒಪ್ಪಿಕೊಂಡ, ಗಲರಾಗಾನ ಹತ್ತಿರ ಅತ್ತು ಕ್ಷಮೆ ಕೇಳಿದ. ಮರುದಿನದ ಪಂದ್ಯಕ್ಕೂ ಜಾಯ್ಸ್ ಅಂಪೈರ್. ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಮ್ಯಾನೇಜರ್ ಕೆಲಸ. ಅಂದು ಅದನ್ನು ಗಲರಾಗಾನ ಕೈಲಿ ಕಳಿಸಿದರು. ಜಾಯ್ಸ್ ಕಣ್ಣೊರೆಸಿಕೊಂಡು ಅವನ ಭುಜ ತಟ್ಟಿದ. ಇದು ಡೆಟ್ರಾಯ್ಟ್ ಅಲ್ಲವೇ, ಗಲರಾಗಾನಿಗೂ ಒಂದು ಕಾರು ಸಿಕ್ಕಿತು, ಕೆಂಪು ಕಾರ್ವೆಟ್. ಕಮಿಷನರ್ ತೀರ್ಪು ಬದಲಿಸಲಿಲ್ಲ. ಲೆಕ್ಕದಲ್ಲಿ ಆ ಒಂದು ಹಿಟ್ ಇವತ್ತಿಗೂ ಇದೆ.

ಅದು ಇರಲಿ ಎನ್ನುವವನು ನಾನು. ಹತ್ತು ವರ್ಷದ ಮೇಲೆ ಗಲರಾಗಾನೇ ತನಗೆ ಆ ಮನ್ನಣೆ ಕೊಡಿ ಎಂದು ಕೇಳಿದ್ದಾನೆ, ಅವನ ಆಸೆ ಸಹಜ. ಆದರೂ ಅಲ್ಲಿ ಎಲ್ಲರೂ ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದ್ದರು, ಕಣ್ಣು ಮೋಸ ಹೋಯಿತು, ಮೋಸಹೋದವನು ಮರುಗಳಿಗೆಯೇ ಎದುರು ಬಂದು ನಿಂತ. ಆ ಅಂಕಿಯನ್ನು ಅಳಿಸಿದರೆ ಅದರ ಜೊತೆ ಆ ಇಬ್ಬರು ಮಾಡಿದ್ದೂ ಅಳಿಸುತ್ತದೆ.

ಯಾರ ಕಣ್ಣೂ ಮೋಸಹೋಗದೆ, ಬೇಕೆಂದೇ ಬರೆಯದೆ ಬಿಟ್ಟ ಲೆಕ್ಕದ ಮಾತೇ ಬೇರೆ. ಕಪ್ಪು ಆಟಗಾರರಿಗೆ ಮೇಜರ್ ಲೀಗಿನ ಬಾಗಿಲು 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ ಮುಚ್ಚಿತ್ತು. ಅವರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಆ ಪಂದ್ಯಗಳ ವಿವರ ಉಳಿದದ್ದು ಬಹುಪಾಲು ಕಪ್ಪು ಸಮುದಾಯದ ಪತ್ರಿಕೆಗಳಲ್ಲಿ. ಸಂಶೋಧಕರು ವರ್ಷಗಟ್ಟಲೆ ಆ ಹಳೆಯ ಹಾಳೆಗಳನ್ನು ತಿರುವಿ ಒಂದೊಂದೇ ಪಂದ್ಯ ಜೋಡಿಸಿದರು. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್, 1920ರಿಂದ 1948ರವರೆಗಿನ ಏಳು ಲೀಗ್‌ಗಳೂ ತನ್ನ ಸಮಾನವೇ ಎಂದು ಒಪ್ಪಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ಪುಸ್ತಕ ಸೇರಿದವು. ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ನ .367 ಎರಡನೇ ಸ್ಥಾನಕ್ಕಿಳಿಯಿತು. ಮೊದಲ ಸ್ಥಾನಕ್ಕೆ ಬಂದದ್ದು ಜೋಶ್ ಗಿಬ್ಸನ್, .372. ರಾಬಿನ್ಸನ್ ಕಣಕ್ಕಿಳಿಯುವ ಮೂರು ತಿಂಗಳ ಮುಂಚೆ, 35ನೇ ವಯಸ್ಸಿನಲ್ಲಿ ಆತ ತೀರಿಕೊಂಡಿದ್ದ.

ಗಿಬ್ಸನ್ ಆಡಿದ ಪಂದ್ಯ ಕಡಿಮೆ, ಹೋಲಿಕೆ ಸರಿಯಲ್ಲ ಎಂದು ಗೊಣಗುವವರಿದ್ದಾರೆ. ಲೀಗ್ ಪಂದ್ಯಗಳ ಸಂಖ್ಯೆ ಕಡಿಮೆ ಎನ್ನುವುದು ನಿಜ. ಕಡಿಮೆಯಾದದ್ದು ಯಾರಿಂದ ಎಂದು ಅವರು ಕೇಳಿಕೊಳ್ಳುವುದಿಲ್ಲ.

ನನ್ನ ಊರಿನ ಬಾಕಿ ಇನ್ನೂ ಇದೆ. ಅದೇ ಪಟ್ಟಿಯ ಆರನೇ ಹೆಸರು ನಾರ್ಮನ್ 'ಟರ್ಕಿ' ಸ್ಟರ್ನ್ಸ್, .348. ಟೈಗರ್ಸ್ ಪರವಾಗಿ ಕಾಬ್ ಇನ್ನೂ ಆಡುತ್ತಿದ್ದ 1923ರಲ್ಲೇ ಸ್ಟರ್ನ್ಸ್ ಇದೇ ಊರಿನ ಡೆಟ್ರಾಯ್ಟ್ ಸ್ಟಾರ್ಸ್ ತಂಡಕ್ಕೆ ಬಂದ. ಹೊಟ್ಟೆಪಾಡಿಗೆ ಕಾರು ಕಾರ್ಖಾನೆಯಲ್ಲಿ ದುಡಿದ. ಟೈಗರ್ಸ್ ತಂಡಕ್ಕೆ ಮೊದಲ ಕಪ್ಪು ಆಟಗಾರ ಬಂದದ್ದು 1958ರಲ್ಲಿ. ಅಂದಿನ ತಂಡಗಳಲ್ಲಿ ನಮಗಿಂತ ತಡಮಾಡಿದ್ದು ಬಾಸ್ಟನ್ ಒಂದೇ. ಸ್ಟರ್ನ್ಸ್ 1979ರಲ್ಲಿ ತೀರಿಕೊಂಡ, ಹಾಲ್ ಆಫ್ ಫೇಮ್‌ಗೆ ಸೇರಿದ್ದು 2000ದಲ್ಲಿ. ಕೊಮೆರಿಕಾ ಪಾರ್ಕಿನ ಒಳಗೆ ಕಾಬ್‌ನ ಪ್ರತಿಮೆಯಿದೆ. ಸ್ಟರ್ನ್ಸ್ ಹೆಸರಿನ ಫಲಕ ಇರುವುದು ಸೆಂಟರ್ ಫೀಲ್ಡ್ ಕಡೆಯ ಗೇಟಿನ ಹೊರಗೆ. ಡೆಟ್ರಾಯ್ಟ್‌ಗೆ ಬಂದಾಗ ಓದಿ ಹೋಗಿ, ಅದಕ್ಕೆ ಟಿಕೆಟ್ ಬೇಕಿಲ್ಲ.